ಉಗುರಿಳಿಯದ ಮರ

ಒಬ್ಬನೇ ಮಗನ ಮದುವೆಯಾದಾಗಿನಿಂದ ಹತ್ತು ವರ್ಷ ಅಟ್ಟದ ಮೇಲೆ ಖಾಲಿ ಬಿದ್ದಿದ್ದ ತೊಟ್ಟಿಲನ್ನು ಸೊಸೆಯೇ ಹಿತ್ತಲಲ್ಲಿ ತೋಡಿದ್ದ ಗುಂಡಿಯ ಅಂಚಿಗೆ ಎಳೆದು ತಂದಳು. "ಇದನ್ನೂ ಹೂತುಬಿಡಿ ಅತ್ತೆ. ಇದರ ಮೇಲೆ ಬದನೆಕಾಯಿಯಾದರೂ ಬಿಡಲಿ."

ಗೊಬ್ಬರವಾಗಲೆಂದು ಮರ ಹೂತು, ಮೇಲೆ ಮಣ್ಣೇರಿಸಿ ತರಕಾರಿ ಮಡಿ ಮಾಡುವುದರಲ್ಲಿ ಅತ್ತೆ ಬಲು ಕಟ್ಟುನಿಟ್ಟು. ಹೆಬ್ಬೆರಳಿನ ಉಗುರು ಇಳಿಯುವಷ್ಟು ಕೊಳೆತ ಕೊರಡು ಮಾತ್ರ ಗುಂಡಿಗೆ. ಗಟ್ಟಿ ಮರ ಹಾಕಿದರೆ ಮಣ್ಣಿನ ಸಾರವನ್ನೆಲ್ಲ ಅದೇ ಹೀರಿಬಿಡುತ್ತದೆ ಎನ್ನುವವಳು.

ತೊಟ್ಟಿಲ ಕಾಲಿಗೂ ಉಗುರೊತ್ತಿ ನೋಡಿದಳು. ಗೀರೂ ಬೀಳಲಿಲ್ಲ. ಕೈಯ ಮಣ್ಣು ಕೊಡವಿಕೊಂಡು, ಅದರ ಧೂಳನ್ನು ಮೆಲ್ಲಗೆ ಒರೆಸಿದಳು. ಇಷ್ಟು ವರ್ಷಗಳಲ್ಲಿ ಅತ್ತೆಯ ಮುಖ ಹೀಗೆ ಮೆತ್ತಗಾದದ್ದನ್ನು ಕಂಡೇ ಇರದ ಸೊಸೆಯ ಕಣ್ಣು ತುಂಬಿತು.

"ಚೆನ್ನಾಗೇ ಇದೆ, ಒಳಗಿಡು," ಎಂದಳು ಅತ್ತೆ. "ಮುಂದೆ ಬರೋ ಸೊಸೆಗೆ ಬೇಕಾಗುತ್ತೆ."