ಕೊನೆಯ ರೇಸಿನ ಗುಂಡಿ

ಹಳೇ ರೇಸ್‌ಕೋರ್ಸಿನ ಚರಿತ್ರೆ ಬರೆಯುತ್ತಿದ್ದ ಹುಡುಗಿ ಬಸ್ ಡಿಪೋ ಎದುರಿನ ಟೀ ಅಂಗಡಿಗೆ ಬಂದಾಗ, ಇವತ್ತು ಹೇಳಿಯೇ ಬಿಡಬೇಕೆಂದು ದಸ್ತಗೀರ ಮನಸ್ಸು ಗಟ್ಟಿ ಮಾಡಿಕೊಂಡಿದ್ದ. ಪಕ್ಕದಲ್ಲೇ ಗೆಳೆಯ ಚೌಡಪ್ಪ ಕೂತಿದ್ದ. ಈಗ ಡಿಪೋ ಇರುವ ಜಾಗದಲ್ಲೇ ಒಂದು ಕಾಲಕ್ಕೆ ಇದ್ದ ಆ ರೇಸ್‌ಕೋರ್ಸಿನಲ್ಲಿ ದಸ್ತಗೀರ ಲಾಯದ ಕುದುರೆ ನೋಡಿಕೊಳ್ಳುತ್ತಿದ್ದ, ಚೌಡಪ್ಪ ಕುದುರೆ ಓಡುವ ಹಾದಿ ನೋಡಿಕೊಳ್ಳುತ್ತಿದ್ದ.

"ಕೊನೇ ರೇಸಲ್ಲಿ ಕುದುರೆ ಗುಂಡಿಗೆ ಕಾಲಿಟ್ಟು ಬಿತ್ತು, ಜಾಕಿ ಸತ್ತುಹೋದ್ರು. ಅದಕ್ಕೇ ರೇಸ್‌ಕೋರ್ಸ್ ಮುಚ್ಚಿದ್ದು, ಅಲ್ವಾ ತಾತ?"

"ಹೂಂ ಕಣವ್ವ. ಆ ಗುಂಡಿ ಮುಚ್ಚದೆ ಬಿಟ್ಟೋನು ನಾನೇ," ಎಂದ ಚೌಡಪ್ಪ.

ಮೂವತ್ತು ವರ್ಷದಿಂದ ಅವನ ಬಾಯಲ್ಲಿ ಅದೇ ಮಾತು. ಆ ಗುಂಡಿಯಿಂದ ಅವನ ಕೆಲಸ ಹೋಯಿತು, ಜೈಲಾಯಿತು, ಆಮೇಲೆ ಯಾರೂ ಹೆಣ್ಣು ಕೊಡಲಿಲ್ಲ.

ದಸ್ತಗೀರನಿಗೆ ತಡೆಯಲಾಗಲಿಲ್ಲ.

"ಅದನ್ನ ಬರ್ಕೋಬೇಡಮ್ಮ. ರೇಸಿನ ದಿನ ಬೆಳಿಗ್ಗೆ ಕುದುರೆಯ ನಾಲ್ಕೂ ಕಾಲು ಮುಟ್ಟಿ ನೋಡೋದು ನನ್ನ ಕೆಲಸ. ಬಿಸಿ ಇದ್ರೆ ಒಳಗೆ ಪೆಟ್ಟಾಗಿದೆ ಅಂತ, ಓಡಿಸಬಾರದು. ಅವತ್ತು ಮುಂಗಾಲು ಕಾದ ಹೆಂಚಿನ ಥರ ಸುಡ್ತಿತ್ತು. ನಾನು ಸಾಕಿದ ಕುದುರೆ ಕಪ್ ಗೆಲ್ಲೋದು ನೋಡೋ ಆಸೆಗೆ ಬಾಯಿ ಮುಚ್ಕೊಂಡಿದ್ದೆ. ಚೌಡಣ್ಣ, ನಿನ್ನ ಕಾಲಿಗೆ ಬೀಳ್ತೀನಿ..."

ಬಗ್ಗಿದವನ ರಟ್ಟೆಯನ್ನು ಚೌಡಪ್ಪ ಹಿಡಿದುಕೊಂಡ.

"ಗೊತ್ತು ಬಿಡೋ. ಬಿದ್ದ ಕುದುರೆಯ ಕಾಲು ತಬ್ಕೊಂಡು, ನಾನೇ ಕೊಂದೆ ಅಂತ ನೀನು ಅಳ್ತಿದ್ದೆ. ನಾನು ಕೇಳಿಸ್ಕೊಂಡೆ. ನೀನು ಮಕ್ಕಳೊಂದಿಗ, ನಾನು ಒಂಟಿ. ಎಲ್ಲರೂ ಜಾಕೀನ ಎತ್ಕೊಂಡು ಅತ್ತ ಹೋದ್ಮೇಲೆ, ಗುದ್ದಲಿ ತಂದು ಆ ಗುಂಡಿ ತೋಡಿದೆ."