ಗಣಿತದ ಪಕ್ಕದ ಸಂತರು

ಎಂಟನೇ ತರಗತಿಯಿಂದ ಮಗಳಿಗೆ ಮನೆಯಲ್ಲೇ ಪಾಠ ಎಂದು ತೀರ್ಮಾನಿಸಿದೆ. ಬೇಸಿಗೆ ರಜೆಯೆಲ್ಲ ಪಠ್ಯಕ್ರಮ ಬರೆಯುವುದರಲ್ಲೇ ಕಳೆಯಿತು. ಬೆಳಿಗ್ಗೆ ಜಪಸರ, ಆಮೇಲೆ ಧರ್ಮೋಪದೇಶ, ವಿಜ್ಞಾನ, ಗಣಿತ. ಲ್ಯಾಟಿನ್ನನ್ನೂ ಸೇರಿಸಿದೆ. ನನಗೆ ಗೊತ್ತಿದ್ದ ಲ್ಯಾಟಿನ್ ಎಂದರೆ 'ಆಮೆನ್' ಒಂದೇ. ಅದೂ ಲ್ಯಾಟಿನ್ ಅಲ್ಲವಂತೆ.

"ಗಣಿತಕ್ಕೆ ಮಾತ್ರ ಟ್ಯೂಷನ್‌ಗೆ ಕಳಿಸೋಣ್ವಾ?" ಎಂದು ನಮ್ಮ ಯಜಮಾನರು ಮೆಲ್ಲಗೆ ಕೇಳಿದರು.

"ಯಾಕೆ, ನಾನೇನು ಸತ್ತಿದ್ದೀನಾ?" ಎಂದೆ.

ವೇಳಾಪಟ್ಟಿಯನ್ನು ಗೋಡೆಗೆ ಅಂಟಿಸಿದೆ. ಪ್ರತಿ ವಿಷಯದ ಪಕ್ಕ ಒಬ್ಬ ಪಾಲಕ ಸಂತರ ಚಿತ್ರ ಹಚ್ಚುವ ಕೆಲಸವನ್ನು ಮಗಳಿಗೆ ಬಿಟ್ಟೆ. ಸಂಜೆ ನೋಡಿದರೆ ಗಣಿತದ ಪಕ್ಕ ಸಂತ ಜೂಡರು ನಿಂತಿದ್ದಾರೆ. ಇನ್ನು ಯಾವ ದಾರಿಯೂ ಇಲ್ಲ ಎಂದಾದಾಗ ನಾವು ಮೊರೆಹೋಗುವುದು ಅವರಿಗೆ.

ಮಗುವಿನ ಮನಸ್ಸಿನಲ್ಲಿ ಇಷ್ಟು ಭಯವಿದೆ ಎಂದು ನನಗೆ ಗೊತ್ತೇ ಇರಲಿಲ್ಲ. ಪಕ್ಕದಲ್ಲಿ ಕೂರಿಸಿಕೊಂಡು ತಲೆ ಸವರಿದೆ.

"ಗಣಿತ ಅಂದ್ರೆ ಯಾಕೆ ಪುಟ್ಟ ಇಷ್ಟು ಹೆದರ್ತೀಯ? ಕಲಿಸೋಕೆ ನಾನಿಲ್ವಾ?"

"ಅದಕ್ಕೇ ಅಮ್ಮ, ಅವರನ್ನ ಅಂಟಿಸಿದ್ದು."