ಗಾಜಿನ ಬೆವರು

ನೂಲಿಗೆ ಬಣ್ಣ ಹಾಕುವವರ ಓಣಿಯ ಮಾತಿದು...

ಬಣ್ಣದ ನೀರು ಹರಿದು ಹರಿದು, ಕೊನೆಗೆ ಓಣಿಯ ಬಾವಿಯ ನೀರೂ ಕೆಂಪಾಗಿತ್ತು. ಟ್ಯಾಂಕರ್ ಬಂದರೆ ಬಂತು, ಇಲ್ಲದಿದ್ದರೆ ಅದೇ ಬಾವಿ.

ಅಂಗನವಾಡಿಯ ಪ್ರೇಮಲತಾ ಟೀಚರ್ ಅಲ್ಲಿ ಇಲ್ಲಿ ಓಡಾಡಿ, ಅಂಗನವಾಡಿ ಮಾಳಿಗೆ ಮೇಲೆ ನೀರು ಶುದ್ಧ ಮಾಡುವ ಸೋಲಾರ್ ಪೆಟ್ಟಿಗೆಗಳನ್ನು ಇಡಿಸಿದರು. ಒಳಗೆ ಕಪ್ಪು ತಟ್ಟೆ, ಮೇಲೆ ಓರೆಯಾದ ಗಾಜು.

ಓಣಿಯವರನ್ನು ಕರೆದು ಬಿಡಿಸಿ ಹೇಳಿದರು...

"ಈ ಕಪ್ಪು ತಟ್ಟ್ಯಾಗ ಬಾವಿ ನೀರು ಹಾಕೋದು. ಬಿಸಿಲಿಗೆ ನೀರು ಆವಿ ಆಗತೈತಿ, ಬಣ್ಣ ತಳದಾಗ ಉಳೀತೈತಿ. ಆಮ್ಯಾಲ ಗಾಜು ಬೆವರತೈತಿ. ಆ ಬೆವರು ಕೊಡಕ್ಕ ಇಳೀತೈತಿ, ಅದನ್ನ ಕುಡೀರಿ."

ಬೆವರು... ಆ ಒಂದು ಮಾತು ಎಲ್ಲವನ್ನೂ ಕೆಡಿಸಿತು.

"ಬೆವರು ಕುಡೀಬೇಕೇನ್ರೀ ಟೀಚರ್? ಪೆಟ್ಟಿಗಿಗೆ ಜ್ವರ ಬಂದೈತಿ, ಮೊದಲ ಗುಳಿಗಿ ಕೊಡ್ರಿ!" ಎಂದ ಸಿದ್ರಾಮ.

ಓಣಿಯೆಲ್ಲ ನಕ್ಕಿತು. ಪೆಟ್ಟಿಗೆಯ ನೀರು ದಿನವೂ ಕರಿಬೇವಿನ ಗಿಡಕ್ಕೆ ಹೋಯಿತು.

ಎಲ್ಲರಿಗಿಂತ ಗಟ್ಟಿಯಾಗಿ ಬೇಡವೆಂದವಳು ನಿಂಬೆವ್ವ. ಆಯುಷ್ಯವೆಲ್ಲ ಬಣ್ಣದ ಒಲೆಯ ಮುಂದೆ ಕಳೆದ ಮುದುಕಿ.

ಅವಳ ಸೊಸೆ ಶಾಂತವ್ವ ತುಂಬು ಬಸುರಿ. ಬಾವಿ ನೀರು ತುಟಿಗೂ ಮುಟ್ಟಿಸಬೇಡ ಎಂದು ಡಾಕ್ಟರು ಹೇಳಿದ್ದರು.

ಆ ವಾರ ಟ್ಯಾಂಕರ್ ಬರಲಿಲ್ಲ... ಮನೆಯಲ್ಲಿದ್ದ ಒಳ್ಳೆ ನೀರು ಮುಗಿಯಿತು.

ಸೊಸೆಯ ತುಟಿ ಒಣಗಿದ್ದು ನಿಂಬೆವ್ವನಿಗೆ ಕಾಣುತ್ತಿತ್ತು. ಆದರೂ ಮನಸ್ಸು ಒಪ್ಪಲಿಲ್ಲ.

ಕಡೆಗೆ ಶಾಂತವ್ವ ತಾನೇ ಹೋಗಿ ಪೆಟ್ಟಿಗೆಯ ನೀರು ಒಂದು ತಂಬಿಗೆ ತಂದಳು.

"ಇಡ ಅಲ್ಲಿ! ನನ್ನ ಮಮ್ಮಗಗ ಬೆವರು ಕುಡಸ್ತೀಯೇನ?"

"ಮಮ್ಮಗನೋ ಮಮ್ಮಗಳೋ... ಅದಕ್ಕೂ ನೀರಡಿಕಿ ಆಗೈತ್ರಿ ಅತ್ತಿ."

ಮುದುಕಿ ತಂಬಿಗೆಯನ್ನು ದೂರ ಸರಿಸಿದಳು. ಸೊಸೆ ಮೆಲ್ಲಗೆ ಕೇಳಿದಳು...

"ಒಲಿ ಮುಂದ ನಿಂತು ನೀವು ಬೆವರು ಸುರಿಸಿ ತಂದ ರೊಟ್ಟಿ ತಿಂದು ನಿಮ್ಮ ಮಗ ಬೆಳದಾರ. ಆ ರೊಟ್ಟಿ ಹೊಲಸಾತೇನ್ರಿ? ಇದು ಸೂರ್ಯಪ್ಪನ ಬೆವರು... ಆತನೂ ಮುಂಜಾನಿಂದ ದುಡದಾನ."

ಇಷ್ಟು ವರ್ಷದಲ್ಲಿ ಮುದುಕಿಯ ಬೆವರಿನ ಮಾತನ್ನು ಆ ಮನೆಯಲ್ಲಿ ಯಾರೂ ಎತ್ತಿರಲಿಲ್ಲ.

ನಿಂಬೆವ್ವ ಸೆರಗಿನಿಂದ ಕಣ್ಣೊರೆಸಿಕೊಂಡಳು. ತಂಬಿಗೆ ಕೈಗೆ ತೆಗೆದುಕೊಂಡು ಇಣುಕಿದಳು. ಬಣ್ಣವಿಲ್ಲದ ನೀರಿನಲ್ಲಿ ತಳ ಕಾಣುತ್ತಿತ್ತು.

ಮೊದಲು ತಾನು ಕುಡಿದಳು.

"ಸಪ್ಪಗೈತಿ..."

"ಉಪ್ಪು-ಖಾರ ಹಾಕಿ ಕೊಡ್ಲೇನ್ರಿ?"

ಅಳುತ್ತಿದ್ದ ಮುದುಕಿಗೆ ನಗು ಬಂತು. ಉಳಿದ ನೀರನ್ನು ತನ್ನ ಕೈಯಾರೆ ಸೊಸೆಗೆ ಕುಡಿಸಿದಳು.

ಮರುದಿನ ಬೆಳಿಗ್ಗೆ ಮಾಳಿಗೆ ಏರಿ ಗಾಜಿನ ಧೂಳು ಒರೆಸುತ್ತಿದ್ದವಳು ನಿಂಬೆವ್ವ. ಕೆಳಗೆ ಸಿದ್ರಾಮ ತಲೆ ಕೆರೆದುಕೊಳ್ಳುತ್ತ ನಿಂತಿದ್ದ.

"ಯವ್ವಾ, ನಮ್ಮ ಮನಿಗೂ ಒಂದು ತಂಬಿಗಿ ಸಿಗತೈತೇನ?"

"ಸಿಗತೈತಿ... ಮೊದಲ ಬಾವಿ ನೀರು ಸೇದಿ ಮ್ಯಾಲ ತಾ. ಬಿಸಿಲು ಸುಮ್ಮನ ಹೊಂಟೈತಿ!"

*

ನೀರಿನ ಹೊಲಸನ್ನು ಬಿಸಿಲು ಬಿಡಿಸುತ್ತದೆ... ಮನಸ್ಸಿನದನ್ನು ನಾವೇ ಬಿಡಿಸಿಕೊಳ್ಳಬೇಕು.

ಬರೀ ಹೆಸರು ಕೇಳಿ ನಾವು ದೂರ ಸರಿಸಿದ ಒಳ್ಳೆಯದು ಯಾವುದು... ಒಮ್ಮೆ ಕೂತು ನೆನೆಸಿಕೊಳ್ಳೋಣವೇ?